ದೂರದ ಒಂದು ಊರಿನಲ್ಲಿ

ಪಾದ್ರಿಯ ಮಾತು ಮುಗಿಯುವ ಮೊದಲೇ ಮೂರನೆಯ ಸಾಲಿನ ಬೆಂಚು ಕಿರ್ರೆಂದಿತು. ಕಂದು ಶಾಲು ಹೊದ್ದ ಹೆಂಗಸೊಬ್ಬಳು ಎದ್ದಳು. ಪಕ್ಕದವರ ಮೊಣಕಾಲು ದಾಟಿಕೊಂಡು, ಯಾರ ಮುಖವನ್ನೂ ನೋಡದೆ, ಬಾಗಿಲ ಕಡೆ ನಡೆದಳು.

"ಅಣ್ಣನಿಗೆ ಹೇಳಿ ಕಳಿಸಿದ್ದೇನೆ, ಇನ್ನೇನು ಬಂದುಬಿಡುತ್ತಾನೆ ಎಂದು ಆ ಮಗ ಸಾಯುತ್ತಿದ್ದ ತಂದೆಗೆ ಹೇಳಿದ," ಎನ್ನುತ್ತಿದ್ದ ಪಾದ್ರಿ. "ತಂದೆ ಬಾಗಿಲನ್ನೇ ನೋಡುತ್ತ ಮಲಗಿದ್ದ. ಆದರೆ ಮಗ..."

ಬಾಗಿಲು ತೆರೆಯಿತು. ಬಿಸಿಲು ಒಳಗೆ ಬಿದ್ದು ಹಿಂದಿನ ಸಾಲಿನ ಬೋಳು ತಲೆಗಳನ್ನು ಮುಟ್ಟಿತು. ಬಾಗಿಲು ಮುಚ್ಚಿತು.

"...ಹೇಳಿ ಕಳಿಸಿರಲೇ ಇಲ್ಲ."

ಒಬ್ಬರೂ ಕೆಮ್ಮಲಿಲ್ಲ. ಪಾದ್ರಿ ವಾರವಿಡೀ ದುಡಿಯುತ್ತಿದ್ದದ್ದು ಈ ಮೌನಕ್ಕೆ. ತಲೆಗಳು ಎದ್ದಿರಬೇಕು, ಬೀಸಣಿಗೆಯಾಗಿದ್ದ ಹಾಡಿನ ಪುಸ್ತಕಗಳು ತೊಡೆಯ ಮೇಲೆ ಇಳಿದಿರಬೇಕು. ಇವತ್ತು ಎರಡೂ ಆಗಿದ್ದವು. ಆದರೆ ಅವನ ಕಣ್ಣು ಮೂರನೆಯ ಸಾಲಿನ ಖಾಲಿ ಜಾಗಕ್ಕೇ ಹೋಗಿ ಹೋಗಿ ಬರುತ್ತಿತ್ತು. ಬಾಯಿ ತನ್ನ ಪಾಡಿಗೆ ಪ್ರಸಂಗ ಮುಗಿಸಿತು, ಕೈ ತನ್ನ ಪಾಡಿಗೆ ಎದ್ದು ಆಶೀರ್ವಾದ ಕೊಟ್ಟಿತು.

ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಿ ಕಳಿಸುವುದು ರೂಢಿ. ಕೊನೆಗೆ ಬರುವವನು ಯಾವಾಗಲೂ ಹಾರ್ಮೋನಿಯಂ ತಾತ. ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಅದಕ್ಕೊಂದು ತಟ್ಟಿ, ಮಗು ಮಲಗಿಸಿದವನ ಹಾಗೆ ಮೆಲ್ಲಗೆ ನಡೆದು ಬರುತ್ತಿದ್ದ.

"ಈ ವಾರದ ದೂರದ ಊರು ಯಾವ್ದು ಅಯ್ಯನೋರೇ?" ಎಂದ ತಾತ. "ಸೇತುವೆನಾ, ಗುಡ್ಡಾನಾ?"

"ಅಂದ್ರೆ?"

"ಅಂದ್ರೇನು ಬಂತು. ನೀವು 'ದೂರದ ಒಂದು ಊರಿನಲ್ಲಿ' ಅಂತ ಶುರು ಹಚ್ಕೊಂಡ್ರೆ ನಮ್ಮೋರೆಲ್ಲ ನೆಟ್ಟಗೆ ಕೂತ್ಕೋತಾರೆ. ನಿಮಗಿರೋದೇ ಮೂರು ಸಭೆ. ನಮ್ಮದಲ್ಲ ಅಂದ್ಮೇಲೆ ಉಳಿದಿದ್ದು ಎರಡು. ಇದಕ್ಕೇನು ಕಾಲೇಜು ಓದ್ಬೇಕಾ?" ತಾತ ನಕ್ಕ. "ಆ ಕುಡುಕ ಲಾರಿ ಡ್ರೈವರ್ ಕಥೆ ಹೇಳಿದ್ರಲ್ಲ, ಅವನು ಓಡಿಸೋದು ಲಾರಿ ಅಲ್ಲ, ಟ್ರ್ಯಾಕ್ಟರ್. ಸೇತುವೆ ಹತ್ರದೋನು. ನೀವು ವ್ಯಾನ್ ಹತ್ತೋದ್ರೊಳಗೆ ನಮಗೆ ಗೊತ್ತಾಗಿತ್ತು. ನಮ್ಮ ಸುದ್ದಿನೂ ಅಲ್ಲಿ ಹೇಳ್ತೀರಂತೆ, ಅವರೂ ಹಿಂಗೇ ಕಂಡುಹಿಡೀತಾರಂತೆ. ಒಳ್ಳೇದಾಯ್ತು ಬಿಡಿ. ಯಾರೂ ಪೇಪರ್ ಓದ್ಬೇಕಾಗಿಲ್ಲ."

ಪಾದ್ರಿಯ ನಗು ಹಲ್ಲಿನ ತನಕ ಬಂದು ಅಲ್ಲೇ ನಿಂತಿತು. "ಮೂರನೇ ಸಾಲಿನ ಅಮ್ಮ ಎದ್ದು ಹೋದ್ರಲ್ಲ, ಅವರು..."

"ಗೇಟಮ್ಮನಾ, ರೈಲ್ವೆ ಗೇಟ್ ಕಾಯ್ತಾಳಲ್ಲ? ಪಾಪ, ಅವಳಿಗೆ ಕಥೆ ತಡ್ಕೊಳ್ಳೋಕಾಗಿಲ್ಲ ಅನ್ಸುತ್ತೆ. ಅವಳಿಗೂ ಹಿಂಗೇ ಆಗಿತ್ತಲ್ಲ. ಅವರಮ್ಮ ಸಾಯೋವಾಗ ಇವಳಿಗೆ ಬರೋಕಾಗ್ಲಿಲ್ಲ. ಅಮ್ಮ ಇದ್ದಿದ್ದು ತಂಗಿ ಮನೇಲಿ. ನಿಮಗೆ ಗೊತ್ತಿರ್ಬೇಕು ಆ ತಂಗಿ, ನಿಮ್ಮ ಗುಡ್ಡದ ಸಭೆಯೋಳೇ. ಬಟ್ಟೆ ಹೊಲೀತಾಳಲ್ಲ."

ತಾತ ಇನ್ನೂ ಏನೋ ಹೇಳುತ್ತಿದ್ದ. ಪಾದ್ರಿಗೆ ಅವನ ತುಟಿ ಆಡುವುದು ಮಾತ್ರ ಕಂಡಿತು.

*

ವ್ಯಾನಿನ ಬಾಗಿಲು ಮೂರು ಸಲ ಬಡಿದರೆ ಒಂದು ಸಲ ಹಾಕಿಕೊಳ್ಳುತ್ತಿತ್ತು. ಪಾದ್ರಿ ನಿಲುವಂಗಿ ಬಿಚ್ಚಿ ಹಿಂದಿನ ಕೊಕ್ಕೆಗೆ ಸಿಕ್ಕಿಸುವುದನ್ನೂ ಮರೆತು ಹಾಗೇ ಕೂತ. ಅಂಗಿಯ ಅಂಚು ಪೆಡಲಿಗೆ ತಾಗದಷ್ಟು ಸರಿಯಾಗಿತ್ತು. ಆ ಅಂಚನ್ನು ಬಿಚ್ಚಿ ಹೊಲಿದುಕೊಟ್ಟವಳು ಅದೇ ತಂಗಿ, ಗುಡ್ಡದ ಟೈಲರಮ್ಮ. ಕಳೆದ ಬುಧವಾರ.

ಅವನ ವಾರ ಹೀಗಿತ್ತು: ನಡುವಿನ ದಿನಗಳಲ್ಲಿ ಮನೆ ಮನೆ ಭೇಟಿ, ಶುಕ್ರವಾರ ಪ್ರಸಂಗ ಬರೆಯುವುದು, ಭಾನುವಾರ ಬೆಳಿಗ್ಗೆ ಗುಡ್ಡ, ಆಮೇಲೆ ಈ ಗೇಟಿನೂರು, ಮಧ್ಯಾಹ್ನದ ಮೇಲೆ ಸೇತುವೆ. ಮೂರು ಕಡೆಯೂ ಒಂದೇ ಪ್ರಸಂಗ. "ಒಂದೇ ಅಂಗೀನ ಮೂರು ಮೈಗೆ ತೊಡಿಸ್ತೀರಿ, ಅಳತೆ ಸರಿಯಿಲ್ಲ ಅಂತ ಒಬ್ರಾದ್ರೂ ಹೇಳಲ್ವಾ?" ಎಂದು ಹೆಂಡತಿ ಕೇಳಿದ್ದಳು. ಹೇಳುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದರು. ಮೊದಮೊದಲು ಅವನು ಪುಸ್ತಕದಿಂದ ತೆಗೆದ ದೃಷ್ಟಾಂತಗಳನ್ನು ಹೇಳುತ್ತಿದ್ದ, ಜನ ಕಣ್ಣು ಮುಚ್ಚಿ ಧ್ಯಾನದ ಹಾಗೆ ಕಾಣುವ ಒಂದು ಸ್ಥಿತಿಗೆ ಹೋಗುತ್ತಿದ್ದರು. ಒಂದು ಭಾನುವಾರ, ಹೇಳಲು ಬೇರೇನೂ ಸಿಗದೆ, ಸೇತುವೆಯ ಕಡೆ ಕೇಳಿದ ಯಾರದೋ ಜಗಳವನ್ನು ಗುಡ್ಡದಲ್ಲಿ ಹೇಳಿಬಿಟ್ಟ. ಹೆಸರಿಲ್ಲದೆ, ಊರಿಲ್ಲದೆ. "ದೂರದ ಒಂದು ಊರಿನಲ್ಲಿ" ಎಂದು. ತಲೆಗಳು ಎದ್ದವು.

ಅಲ್ಲಿಂದ ಅದೇ ಚಟವಾಯಿತು. ಒಂದು ಊರಿನಲ್ಲಿ ಕೇಳಿದ್ದನ್ನು ಆ ಊರಿನಲ್ಲಿ ಹೇಳಬಾರದು, ಅಲ್ಲಿಗೆ ಪುಸ್ತಕದ ದೃಷ್ಟಾಂತವೇ ಸಾಕು, ಉಳಿದೆರಡು ಕಡೆ ಹೇಳಬಹುದು ಎಂದು ತಾನೇ ಒಂದು ಕಾನೂನು ಮಾಡಿಕೊಂಡಿದ್ದ. ಗಂಡನ್ನು ಹೆಣ್ಣು ಮಾಡುತ್ತಿದ್ದ, ಹಸುವನ್ನು ಕುದುರೆ ಮಾಡುತ್ತಿದ್ದ. ಇಷ್ಟು ಮಾಡಿದ ಮೇಲೆ ತನ್ನ ಕೈ ಶುದ್ಧ ಅಂದುಕೊಂಡಿದ್ದ. ತಾಯಿಯನ್ನು ತಂದೆ ಮಾಡಿದ್ದೂ ಹಾಗೆಯೇ.

ಬುಧವಾರ ಟೈಲರಮ್ಮ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ಕೈ ಚಾಚಿ, ಹಂಗೇ ನಿಲ್ಲಿ, ಉಸಿರು ಬೇಕಾದ್ರೆ ಬಿಡಿ" ಎಂದು ಬೆನ್ನ ಹಿಂದೆ ಕೂತು ಅಂಚಿಗೆ ಗುಂಡುಸೂಜಿ ಚುಚ್ಚತೊಡಗಿದ್ದಳು. ಸೂಜಿಗಳು ತುಟಿಗಳ ಮಧ್ಯೆ ಇದ್ದವು. ಒಂದೊಂದಾಗಿ ಖಾಲಿಯಾದಂತೆ ಮಾತು ಶುರುವಾಯಿತು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ; ಅವನು ತಿರುಗುವ ಹಾಗೂ ಇರಲಿಲ್ಲ.

"ಎತ್ತೋಳು ನಾನು, ತೊಳೆಯೋಳು ನಾನು. ಅಮ್ಮನ ಕಣ್ಣು ಮಾತ್ರ ಬಾಗಿಲಿಗೆ. ದೊಡ್ಡೋಳು ಬಂದ್ಲಾ, ದೊಡ್ಡೋಳು ಬಂದ್ಲಾ. ಹೇಳಿ ಕಳಿಸಿದೀನಮ್ಮಾ, ಬರ್ತಾಳೆ ಅಂದೆ. ಕಳಿಸಿರ್ಲಿಲ್ಲ. ಎರಡು ದಿನ ಅಮ್ಮ ನನಗೊಬ್ಬಳಿಗೇ ಇರ್ಲಿ ಅನ್ನಿಸ್ತು ಅಯ್ಯನೋರೇ. ಆಮೇಲೆ ಕರೆಸಿದ್ರಾಯ್ತು ಅಂದ್ಕೊಂಡೆ. ಆಮೇಲೆ ಅನ್ನೋದು ಬರ್ಲೇ ಇಲ್ಲ."

ಒಂದು ಸೂಜಿ. ಇನ್ನೊಂದು.

"ಮಣ್ಣಿಗೆ ಬಂದ ಅಕ್ಕ ಒಂದೇ ಮಾತು ಕೇಳಿದ್ಳು. ಅಮ್ಮ ನನ್ನ ಕೇಳಿದ್ಳಾ ಅಂತ. ಕೇಳಿದ್ಳು ಅಂದ್ರೆ ಮತ್ಯಾಕೆ ಹೇಳಿ ಕಳಿಸ್ಲಿಲ್ಲ ಅಂತಾಳಲ್ಲ. ಅದಕ್ಕೆ, ಇಲ್ಲ, ನಿನ್ನ ಹೆಸರೇ ಎತ್ಲಿಲ್ಲ ಅಂದ್ಬಿಟ್ಟೆ. ಅಕ್ಕ ಅಳ್ಲಿಲ್ಲ. ಶಾಲು ಸರಿ ಮಾಡ್ಕೊಂಡು ಹೋದ್ಳು." ಕೊನೆಯ ಸೂಜಿ ಚುಚ್ಚಿದಳು. "ಇದು ನಿಮ್ಮ ಹತ್ರಾನೇ ಇರ್ಲಿ."

"ದೇವರ ಹತ್ತಿರ ಬಿಟ್ಟರೆ ಇನ್ನೆಲ್ಲೂ ಹೋಗಲ್ಲ," ಎಂದಿದ್ದ ಪಾದ್ರಿ, ಕೈ ಚಾಚಿಕೊಂಡೇ.

ಅಕ್ಕ ಯಾರು, ಯಾವ ಊರು ಎಂದು ಅವಳು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಕೇಳಿದ್ದರೆ? ಶುಕ್ರವಾರ ಬರೆಯಲು ಕೂತಾಗ ಪೆನ್ನು ತಾನಾಗಿಯೇ ಓಡಿತ್ತು. ಎಷ್ಟು ದಿನವಾಗಿತ್ತು ಹಾಗೆ ಓಡಿ.

ವ್ಯಾನು ಊರ ಕೊನೆಯ ತಿರುವಿಗೆ ಬಂತು. ಬಲಕ್ಕೆ ಹೋದರೆ ಸೇತುವೆ. ಅಲ್ಲಿ ಜನ ಆಗಲೇ ಕೂಡುತ್ತಿದ್ದರು. ಎಡಕ್ಕೆ ರೈಲ್ವೆ ಗೇಟ್ ದಾಟಿದರೆ ಗುಡ್ಡದ ದಾರಿ. ಗೇಟಮ್ಮ ಸಿಟ್ಟಿನಲ್ಲಿ ಎದ್ದವಳು ನೇರ ತಂಗಿಯ ಮನೆಗೇ ಹೋಗಿರಬೇಕು. ಅವಳಿಗಿಂತ ಮೊದಲು ಅಲ್ಲಿ ಮುಟ್ಟಬೇಕು. ಮುಟ್ಟಿ ಏನು ಹೇಳಬೇಕು? ಅದು ಗೊತ್ತಿರಲಿಲ್ಲ. ಬಾಗಿಲು ತೆಗೆದ ಟೈಲರಮ್ಮನ ಎದುರು ಅಕ್ಕ ನಿಂತಿರುವುದು ಕಣ್ಣಿಗೆ ಕಟ್ಟಿತು. ಪಾದ್ರಿ ಎಡಕ್ಕೆ ತಿರುಗಿಸಿದ.

ಫೋನು ಬಡಿದುಕೊಂಡಿತು. ಸೇತುವೆ ಸಭೆಯ ಹಿರಿಯ, ವಾರದಲ್ಲಿ ಪಂಕ್ಚರ್ ಹಾಕುವವನು.

"ಅಯ್ಯನೋರೇ, ಎಲ್ಲಾರೂ ಬಂದಾಯ್ತು."

"ಸ್ವಲ್ಪ ತಡ ಆಗುತ್ತೆ. ಹಾಡ್ತಾ ಇರಿ."

"ಎಷ್ಟು ಹಾಡಣ?"

"ಬರೋ ತನಕ."

*

ಗೇಟು ಇಳಿಯುತ್ತಿತ್ತು. ಕೆಂಪು ಬಿಳಿ ಪಟ್ಟೆಯ ಕಂಬ ಅವನ ಮೂಗಿನ ಮುಂದೆಯೇ ನಡುಗುತ್ತ ಬಂದು ಕೊಕ್ಕೆಯಲ್ಲಿ ಕೂತಿತು. ಪಕ್ಕದಲ್ಲಿ ಗೇಟು ಕಾಯುವವರ ಸಣ್ಣ ಕೋಣೆ; ಆ ಗುಮಟಿಯ ಮುಂದೆ ಹ್ಯಾಂಡಲ್ ತಿರುಗಿಸುತ್ತಿದ್ದವಳು ಕಂದು ಶಾಲಿನವಳೇ.

ಅವಳು ತಂಗಿಯ ಮನೆಗೆ ಹೋಗಿಲ್ಲ. ಇಲ್ಲಿದ್ದಾಳೆ. ತಣ್ಣಗಿರುವ ಮನುಷ್ಯನಾಗಿದ್ದರೆ ಇಲ್ಲಿ ಒಂದು ಉಸಿರು ಬಿಟ್ಟು, ವ್ಯಾನಿನಲ್ಲೇ ಕೂತು, ರೈಲು ಹೋಗುವ ತನಕ ಯೋಚಿಸುತ್ತಿದ್ದ. ಆದರೆ ಪಾದ್ರಿಗೆ ಆ ಕಂಬ ತನಗೆಂದೇ ಇಳಿದಂತೆ ಕಂಡಿತು. ಅವಳು ಒಮ್ಮೆ ಇವನ ಕಡೆ ನೋಡಿ, ಮುಖ ತಿರುಗಿಸಿ, ಹ್ಯಾಂಡಲಿಗೆ ಬೀಗ ಹಾಕಿದಳು. ಆ ನೋಟ ಸಾಕಾಯಿತು. ಅವನು ಬಾಗಿಲು ಹಾಕದೆಯೇ ಇಳಿದು, ನಿಲುವಂಗಿ ಎತ್ತಿ ಹಿಡಿದು, ಜಲ್ಲಿಯ ಮೇಲೆ ಎಡವುತ್ತ ಹೋದ.

"ಅಮ್ಮಾ, ನನ್ನ ತಪ್ಪು. ದೊಡ್ಡ ತಪ್ಪು."

ಗೇಟಮ್ಮ ಹಸಿರು ಬಾವುಟ ಬಿಚ್ಚುತ್ತಿದ್ದಳು.

"ನಿಮ್ಮ ತಂಗಿ ನನ್ನ ನಂಬಿ ಹೇಳಿದ್ದು ಅದು. ನಾನು ಅದನ್ನ ವೇದಿಕೆ ಮೇಲೆ ತರಬಾರ್ದಿತ್ತು. ನೀವು ಅಲ್ಲಿ ಕೂತಿದೀರಿ ಅಂತ ಗೊತ್ತಿದ್ರೆ ಖಂಡಿತ ತರ್ತಿರ್ಲಿಲ್ಲ. ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ, ಅವರ ಮೇಲೆ ಬೇಡ. ಅವರು ಇಷ್ಟು ವರ್ಷ ಬೆಂದಿದಾರೆ."

"ಏನ್ ಅಯ್ಯನೋರೇ ನೀವು," ಎಂದಳು ಗೇಟಮ್ಮ. ಅವಳ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಸಂಕೋಚ. "ನಾನು ಎದ್ದು ಬಂದಿದ್ದಕ್ಕೆ ಬೇಜಾರಾ? ಇವತ್ತು ಡ್ಯೂಟಿ ನಂದಲ್ಲ. ನನ್ನ ಜೋಡೀದಾರ ಇದಾನಲ್ಲ, ಅವನಿಗೆ ಹೊಟ್ಟೆ ಕೆಟ್ಟು ಕೂತಲ್ಲಿಂದ ಏಳೋ ಹಂಗಿಲ್ಲ. ಗೂಡ್ಸ್ ಗಾಡಿ ಬರೋ ಹೊತ್ತಾಯ್ತು, ಓಡಿ ಬಾ ಅಂತ ಫೋನ್ ಮಾಡಿದ. ಅರ್ಧ ಪ್ರಸಂಗದಲ್ಲಿ ಎದ್ದು ಬರೋದು ನನಗೇನು..."

ಅವಳು ಅಲ್ಲಿಗೆ ನಿಲ್ಲಿಸಿದಳು.

"ನನ್ನ ತಂಗಿ ಏನು ಹೇಳಿದ್ದು?"

ತಿರುವಿನಲ್ಲಿ ಎಂಜಿನ್ ಕೂಗಿತು.

ಗೇಟಮ್ಮ ರೈಲಿಗೆ ಮುಖ ಮಾಡಲೇಬೇಕು, ಬಾವುಟ ಹಿಡಿಯಲೇಬೇಕು. ಹಿಡಿದಳು. ಎಂಜಿನ್ ಬಂತು, ನೆಲ ಅದುರಿತು, ಆಮೇಲೆ ಡಬ್ಬಿಗಳು. ಕಲ್ಲಿದ್ದಲಿನವು, ಎಣ್ಣೆಯವು, ಏನೂ ಇಲ್ಲದ ಬರೀ ತಳದವು. ಪಾದ್ರಿಗೆ ಅವಳ ಮುಖದ ಒಂದು ಪಕ್ಕ ಮಾತ್ರ ಕಾಣುತ್ತಿತ್ತು. ಅವನು ಬಾಯಿ ತೆರೆದ. ಸ್ವರ ತನಗೇ ಕೇಳಲಿಲ್ಲ. ಈ ಸದ್ದು ಮುಗಿಯುವುದರೊಳಗೆ ಒಂದು ಸುಳ್ಳು ಕಟ್ಟಬೇಕಿತ್ತು. ನಿಮ್ಮ ತಂಗಿ ಹೇಳಿದ್ದು ಬೇರೆಯವರ ಕಥೆ ಎನ್ನಬೇಕು, ಇಲ್ಲವೇ ಹಾರ್ಮೋನಿಯಂ ತಾತ ಏನೋ ತಲೆಗೆ ತುಂಬಿದ ಎನ್ನಬೇಕು. ಒಂದೊಂದು ಡಬ್ಬಿ ದಾಟಿದಾಗಲೂ ಅವಳ ದವಡೆ ಸ್ವಲ್ಪ ಬಿಗಿಯುತ್ತ ಹೋಗುವುದು ಕಂಡಿತು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಬಿಚ್ಚಿಕೊಂಡಿತು. ಬಿಚ್ಚಿಕೊಂಡದ್ದೇ ಹೆಚ್ಚು ಹೆದರಿಸಿತು. ಬಾವುಟ ಹಿಡಿದ ಕೈ ಮಾತ್ರ ಒಂದಿಷ್ಟೂ ಆಡಲಿಲ್ಲ.

ಗಾರ್ಡ್ ತನ್ನ ಡಬ್ಬಿಯಿಂದ ಕೈ ಬೀಸಿದ. ಅವಳೂ ಬೀಸಿದಳು.

"ಅಪ್ಪ ಅಲ್ಲ," ಎಂದಳು ಗೇಟಮ್ಮ, ಹಳಿಗಳನ್ನು ನೋಡುತ್ತ. "ಅಮ್ಮ."

"ನೋಡಿ ಅಮ್ಮಾ, ಅದು ದೂರದ ಒಂದು..."

"ಸುಮ್ನಿರಿ."

ಬಾವುಟವನ್ನು ಕೋಲಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಗುಮಟಿಯ ಹಿಂದಿನಿಂದ ಅವಳ ಜೋಡೀದಾರ ಬೆಲ್ಟು ಕಟ್ಟಿಕೊಳ್ಳುತ್ತ, ಗೋಡೆ ಹಿಡಿದುಕೊಂಡು ಬಂದ. "ಬದುಕಿದೆ ಅಕ್ಕಾ," ಎಂದ. "ಈಗ ನಾನು ನೋಡ್ಕೋತೀನಿ. ಹೋಗು, ದೇವರ ಹತ್ರ ನನ್ನ ಹೊಟ್ಟೆಗೂ ಒಂದು ಮಾತು ಹೇಳು." ಅಯ್ಯನೋರನ್ನು ಕಂಡು, "ಇವರೇ ಬಂದಿದಾರಲ್ಲ," ಎಂದು ನಗಲು ಹೋಗಿ, ಇಬ್ಬರ ಮುಖ ನೋಡಿ, ನಗದೆ ಹ್ಯಾಂಡಲ್ ಹಿಡಿದ.

ಗೇಟಮ್ಮ ನೇರ ವ್ಯಾನಿನ ಕಡೆ ನಡೆದಳು. ಪಾದ್ರಿಯ ಸೀಟಿನ ಪಕ್ಕದ ಬಾಗಿಲು ತೆಗೆದು ಹತ್ತಿ ಕೂತಳು.

"ಗುಡ್ಡಕ್ಕೆ ಬಿಡಿ," ಎಂದಳು.

"ಇವತ್ತು ಬೇಡಮ್ಮಾ. ಸ್ವಲ್ಪ ತಣ್ಣಗಾದ ಮೇಲೆ, ನಾನೇ ಕರ್ಕೊಂಡು..."

"ನೀವು ಬಿಡದಿದ್ರೆ ನಡ್ಕೊಂಡು ಹೋಗ್ತೀನಿ. ನಡ್ಕೊಂಡು ಹೋದ್ರೆ ದಾರಿಯುದ್ದಕ್ಕೂ ಯೋಚನೆ ಮಾಡ್ತೀನಿ. ಯಾವ್ದು ಒಳ್ಳೇದು ನೀವೇ ಹೇಳಿ."

ಗೇಟು ಎದ್ದಿತು.

*

ಗುಡ್ಡದ ದಾರಿ ಸುತ್ತಿಕೊಂಡು ಏರುತ್ತಿತ್ತು. ಪ್ರತಿ ತಿರುವಿನಲ್ಲೂ ಅವಳ ಕಡೆಯ ಬಾಗಿಲು ಸಣ್ಣಗೆ ತೆರೆದುಕೊಳ್ಳುತ್ತಿತ್ತು. ಪ್ರತಿ ತಿರುವಿನಲ್ಲೂ ಅವಳು ಅದನ್ನು ಮೊಣಕೈಯಿಂದ ಎಳೆದು ಹಿಡಿಯುತ್ತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು.

"ಏನನ್ನ?"

"ಕಥೆನ. ನಾನು ಅರ್ಧದಲ್ಲಿ ಎದ್ದು ಬಂದೆನಲ್ಲ. ಈ ಸಲ ಅಪ್ಪ ಅನ್ನೋ ಕಡೆ ಅಮ್ಮ ಅನ್ನಿ. ಅಣ್ಣ ಅನ್ನೋ ಕಡೆ ನನ್ನ ಹಾಕಿ."

ಪಾದ್ರಿ ರಸ್ತೆ ನೋಡಿದ.

"ಅಷ್ಟು ಜನದ ಮುಂದೆ ಮಾತು ಬರುತ್ತೆ, ನನ್ನೊಬ್ಬಳ ಮುಂದೆ ಬರಲ್ವಾ?"

"ಅದು ಅವರು ಹೇಳ್ಬೇಕಾದ್ದು. ನಾನಲ್ಲ."

"ಈಗ ನೆನಪಾಯ್ತಾ ಅದು?" ಎಂದಳು. ಏರಿಸಿದ ದನಿಯಲ್ಲ, ಟಿಕೆಟ್ ಇದೆಯಾ ಎಂದು ಕೇಳುವವರ ದನಿ.

ಫೋನು ಬಡಿಯಿತು. ಅವನು ಮುಟ್ಟಲಿಲ್ಲ. ಮತ್ತೆ ಬಡಿಯಿತು. ಅವಳೇ ಎತ್ತಿ ಕಿವಿಗಿಟ್ಟುಕೊಂಡಳು. "ಓಡಿಸ್ತಾ ಇದಾರೆ... ಇಲ್ಲ, ಆ ಕಡೆ ಅಲ್ಲ." ಫೋನಿನಿಂದ ಹಾಡು ಕೇಳುತ್ತಿತ್ತು, ಮುಂದಿನ ಸಾಲು ಯಾರಿಗೂ ನೆನಪಿಲ್ಲದೆ ಮೊದಲ ಸಾಲನ್ನೇ ತಿರುಗಿಸಿ ತಿರುಗಿಸಿ ಹಾಡುತ್ತಿದ್ದರು. "ಗೊತ್ತಿರೋ ಹಾಡೆಲ್ಲ ಮುಗೀತಂತೆ," ಎಂದಳು ಪಾದ್ರಿಗೆ. "ಕ್ರಿಸ್ಮಸ್ ಹಾಡು ಶುರು ಮಾಡಿದಾರಂತೆ." ಫೋನನ್ನು ಅವನ ನಿಲುವಂಗಿಯ ಮಡಿಕೆಯ ಮೇಲೆ ಇಟ್ಟಳು.

ಕಿಟಕಿಯ ಕಡೆ ತಿರುಗಿ, ಇವನಿಗೆ ಹೇಳುವಂತೆಯೂ ಅಲ್ಲದೆ ಹೇಳಿದಳು: "ನಾವು ಮಾತು ಬಿಟ್ಟಿಲ್ಲ. ಜನ ಹಂಗಂತಾರೆ. ಮಾತು ಬಿಟ್ಟಿಲ್ಲ, ಬರೋದು ಬಿಟ್ಟೆ ಅಷ್ಟೇ. ಅಮ್ಮ ಮಲಗಿದ್ದ ಮನೆ. ಒಳಗೆ ಹೋದ್ರೆ, ನನ್ನ ಕೇಳ್ಲಿಲ್ವಲ್ಲ ಅಂತ ಅನ್ಸುತ್ತೆ. ಸಣ್ಣೋಳಿದ್ದಾಗ ನಾನೇನು ಮಾಡಿದ್ದೆ, ಯಾವ ಮಾತು ಅಂದಿದ್ದೆ ಅಂತ ಹುಡುಕ್ತಾ ಕೂತ್ಕೋತೀನಿ. ರೈಲಿಗೂ ರೈಲಿಗೂ ಮಧ್ಯೆ ಅದೇ ಕೆಲಸ. ಏನಾದ್ರೂ ಒಂದು ಸಿಗುತ್ತೆ. ಹುಡುಕಿದ್ರೆ ಸಿಗದೆ ಇರುತ್ತಾ?"

ಪಾದ್ರಿಗೆ ಉತ್ತರ ಗೊತ್ತಿತ್ತು. ಅಮ್ಮ ನಿಮ್ಮನ್ನೇ ಕೇಳುತ್ತಿದ್ದರು, ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಒಂದೇ ಉಸಿರಿನಲ್ಲಿ ಹೇಳಿ ಈ ಹೆಂಗಸಿನ ಎದೆಯ ಮೇಲಿನ ಕಲ್ಲು ಇಳಿಸಬಹುದಿತ್ತು. ಬೆಳಿಗ್ಗೆ ಎಲ್ಲರ ಮುಂದೆ ಹೇಳಿದ ಅದೇ ಮಾತು. ಹೇಳಿದರೆ ತಂಗಿಯನ್ನು ಇನ್ನೊಮ್ಮೆ ಮಾರಿದ ಹಾಗೆ. ಹೇಳದಿದ್ದರೆ ಅಕ್ಕನ ಬಾಯಾರಿಕೆಗೆ ನೀರು ಮುಚ್ಚಿಟ್ಟ ಹಾಗೆ. ಅವನು ಗೇರ್ ಬದಲಿಸಿದ.

*

ಟೈಲರಮ್ಮನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಭಾನುವಾರ ಮಿಷನ್ ತುಳಿಯಬಾರದು ಎಂದು ಪಾದ್ರಿಯೇ ಒಮ್ಮೆ ಹೇಳಿದ್ದರಿಂದ ಮಿಷನ್ನಿಗೆ ಬಟ್ಟೆ ಮುಚ್ಚಿತ್ತು. ಅವಳು ಕತ್ತರಿಸುವ ಮೇಜಿನ ಹಿಂದೆ ಕೂತು, ಸಣ್ಣ ಬ್ಲೇಡಿನಿಂದ ಯಾವುದೋ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. ಕೊರಳಲ್ಲಿ ಅಳತೆ ಪಟ್ಟಿ. ಬಾಗಿಲಲ್ಲಿ ನಿಲುವಂಗಿ ಕಂಡದ್ದೇ ಮುಖ ಅರಳಿತು.

"ಸಿಕ್ಕಿಬಿದ್ದೆ," ಎಂದಳು. "ಹೊಲೀಬಾರ್ದು ಅಂದಿದ್ರಿ ಅಯ್ಯನೋರೇ, ಬಿಚ್ಚಬಾರ್ದು ಅಂದಿಲ್ಲ. ಏನು, ಅಂಚು ಕಿತ್ತೋಯ್ತಾ?"

ಆಮೇಲೆ ಹಿಂದೆ ನಿಂತಿದ್ದ ಕಂದು ಶಾಲು ಕಂಡಿತು.

ಅವಳು ಎದ್ದಳು. ಎದ್ದವಳು ಮೇಜು ಬಿಟ್ಟು ಈಚೆ ಬರಲಿಲ್ಲ. "ಅಕ್ಕಾ," ಎಂದಳು. "ಏನಾಯ್ತು? ಯಾರಿಗಾದ್ರೂ ಏನಾದ್ರೂ..."

"ಯಾರಿಗೂ ಏನೂ ಆಗಿಲ್ಲ."

ಗೇಟಮ್ಮ ಹೊಸ್ತಿಲ ಈಚೆಗೇ ನಿಂತಿದ್ದಳು. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅಲ್ಲೊಂದು ಮಂಚದ ಕಾಲು ಕಾಣುತ್ತಿತ್ತು. ಅವಳು ಆ ಕಾಲನ್ನೇ ಸ್ವಲ್ಪ ಹೊತ್ತು ನೋಡಿದಳು. ಮಂಚದಲ್ಲಿ ಮಲಗಿದವರಿಗೆ ಬೀದಿ ಬಾಗಿಲು ನೆಟ್ಟಗೆ ಕಾಣುತ್ತದೆ ಎಂದು ಪಾದ್ರಿಗೂ ಆಗಲೇ ಹೊಳೆದದ್ದು.

"ಗುಬ್ಬಿ," ಎಂದಳು ಗೇಟಮ್ಮ. ಸಣ್ಣಂದಿನ ಆ ಹೆಸರು ಕೇಳಿ ಟೈಲರಮ್ಮನ ಕೈ ಕೊರಳ ಪಟ್ಟಿಗೆ ಹೋಯಿತು. "ಅಯ್ಯನೋರು ಇವತ್ತು ನಮ್ಮ ಚರ್ಚಲ್ಲಿ ಒಂದು ಕಥೆ ಹೇಳಿದ್ರು. ಒಂದು ಮನೆ, ಸಾಯೋ ಅಪ್ಪ, ಇಬ್ರು ಗಂಡುಮಕ್ಕಳು. ಒಬ್ಬ ಜೊತೆಲಿರ್ತಾನೆ. ಇನ್ನೊಬ್ಬನಿಗೆ ಹೇಳಿ ಕಳಿಸಿದೀನಿ ಅಂತಾನೆ. ಮಿಕ್ಕಿದ್ದು ನಾನು ಕೇಳ್ಲಿಲ್ಲ, ಆದ್ರೂ ಗೊತ್ತಾಯ್ತು. ಕಳಿಸಿರಲ್ಲ."

ಟೈಲರಮ್ಮ ಪಾದ್ರಿಯ ಕಡೆ ತಿರುಗಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಅವನ ಮುಖ ನೋಡಲಿಲ್ಲ. ನಿಲುವಂಗಿಯ ಅಂಚನ್ನು ನೋಡಿದಳು, ತಾನು ಹೊಲಿದದ್ದು ಸರಿಯಾಗಿ ಕೂತಿದೆಯೇ ಎಂದು ನೋಡುವಂತೆ, ಒಂದು ತುದಿಯಿಂದ ಇನ್ನೊಂದು ತುದಿಗೆ.

"ನಾನು ಹೆಸರು ಹೇಳ್ಲಿಲ್ಲ," ಎಂದ ಪಾದ್ರಿ. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದು ಎಂದು ಕೇಳಿಸಿತು.

"ನೀವು ಮಧ್ಯೆ ಬರ್ಬೇಡಿ," ಎಂದಳು ಗೇಟಮ್ಮ. ಈಗ ಹೊಸ್ತಿಲು ದಾಟಿ ಒಳಗೆ ಬಂದಳು, ಮೇಜಿನ ಈಚೆ ಬದಿಗೆ ಎರಡೂ ಕೈ ಊರಿ ನಿಂತಳು. ಇಬ್ಬರ ಮಧ್ಯೆ ಬಿಚ್ಚಿದ ಕೋಟಿತ್ತು, ತೋಳೊಂದು ಕಡೆ, ಬೆನ್ನೊಂದು ಕಡೆ.

"ಗುಬ್ಬಿ, ಪೂರ್ತಿ ಕೇಳು. ಆಮೇಲೆ ಬಾಯಿ ತೆಗಿ. ಇವರಿಗೆ ಮೂರು ಊರು. ಎಲ್ಲಾರ ಮನೆ ಕಷ್ಟಾನೂ ಕೇಳ್ತಾರೆ. ಯಾರದ್ದೋ ತಲೆ ತಂದು ಯಾರದ್ದೋ ಕುತ್ತಿಗೆ ಮೇಲೆ ಇಟ್ಟಿರಬಹುದು. ಗೊತ್ತಾಗಲ್ಲ ಇವರಿಗೆ. ದಾರೀಲಿ ಬರ್ತಾ ನಾನು ಇದನ್ನೇ ಯೋಚನೆ ಮಾಡ್ದೆ." ಅವಳ ದನಿ ಮೊದಲ ಸಲ ಸ್ವಲ್ಪ ಅಲುಗಿತು. "ಅದು ನಾನಲ್ಲ ಅಕ್ಕಾ ಅಂತ ಒಂದು ಮಾತು ಹೇಳು. ಸಾಕು. ನಂಬ್ತೀನಿ. ಇನ್ನು ಬದುಕಿರೋ ತನಕ ಕೇಳಲ್ಲ. ಇವತ್ತು ಇಲ್ಲೇ ಊಟ ಮಾಡ್ತೀನಿ. ನಿನ್ನ ಮಗಳ ಮದುವೆಗೆ ಎದುರು ನಿಂತು ಓಡಾಡ್ತೀನಿ. ಮೊದ್ಲು ಹೆಂಗಿದ್ವೋ ಹಂಗೆ."

ಪಾದ್ರಿಯ ತೊಡೆಯ ಬಳಿ ಫೋನು ನಡುಗಿತು. ಅವನು ಬಟ್ಟೆಯ ಮೇಲಿಂದಲೇ ಅದನ್ನು ಅದುಮಿ ಹಿಡಿದ. ಹೇಳಿಬಿಡು ತಾಯಿ, ಎಂದು ಅವನ ಒಳಗೆ ಯಾರೋ ಬೇಡುತ್ತಿದ್ದರು. ಹೇಳಿಬಿಡು. ನಾನು ತಲೆಕೆಟ್ಟ ಪಾದ್ರಿ, ಕಥೆಗಳನ್ನು ಕಲಸಿಬಿಟ್ಟೆ, ಅಷ್ಟೇ ಆಗಲಿ. ಹೇಳಿದರೆ ಅಕ್ಕತಂಗಿಯರು ಉಳಿದರು. ಅವನು ತುಟಿ ಕಚ್ಚಿದ. ಬೇಡುತ್ತಿದ್ದವನು ಅಕ್ಕತಂಗಿಯರಿಗಾಗಿ ಬೇಡುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಟೈಲರಮ್ಮ ಬ್ಲೇಡನ್ನು ಮೇಜಿನ ಮೇಲೆ ಇಟ್ಟಳು. ಕೊರಳಿನಿಂದ ಪಟ್ಟಿ ತೆಗೆದಳು, ಬೆರಳಿಗೆ ಸುತ್ತಿದಳು, ಸುತ್ತಿದ್ದನ್ನು ಪಕ್ಕಕ್ಕಿಟ್ಟಳು. ಅಕ್ಕನ ಕೈ ಮೇಜಿನ ಮೇಲೆ, ಅಂಗೈ ಮೇಲಾಗಿ ತಿರುಗಿತ್ತು. ಯಾವಾಗ ತಿರುಗಿತೋ ಯಾರೂ ನೋಡಿರಲಿಲ್ಲ.

"ಒಂದು ಮಾತು ಗುಬ್ಬಿ."

"ಹೇಳಲ್ಲ," ಎಂದಳು ಟೈಲರಮ್ಮ.

"ನಾನು ನಂಬ್ತೀನಿ ಅಂದೆನಲ್ಲೇ."

"ಅಮ್ಮ ನಿನ್ನೇ ಕೇಳ್ತಿದ್ಳು ಅಕ್ಕಾ. ಕೊನೇ ತನಕ. ಅದು ನಾನಲ್ಲ ಅಂತ ನಾನು ಹೇಳಲ್ಲ."